ನೊರೆ ಬಂದರೆ ಕುದ್ದಂತಲ್ಲ

ಚಂದಾಪುರದ ನಮ್ಮ ವಠಾರದ ಪಕ್ಕದ ಕೋಣೆಯಲ್ಲಿದ್ದ ಬೆಳಗಾವಿ ಕಡೆಯ ಹೆಂಗಸಿನ ಮಗಳಿಗೆ ಹಸುವಿನ ಹಾಲು ಒಗ್ಗುತ್ತಿರಲಿಲ್ಲ. ಅದಕ್ಕೇ ತಾಯಿ ದಿನವೂ ಸೋಯಾ ಕಾಳು ರುಬ್ಬಿ, ಹಳೆಯ ಪಂಚೆಯಲ್ಲಿ ಸೋಸಿ ಹಾಲು ಕಾಯಿಸುತ್ತಿದ್ದಳು. ಭಾನುವಾರ ಅದೇ ಹಾಲಿಗೆ ನಿಂಬೆರಸ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ತುಂಬಿದ ಬಿಂದಿಗೆ ಹೇರಿ ಪನೀರ್‌ನಂಥ ಟೋಫು ಮಾಡುತ್ತಿದ್ದಳು. ಹಾಲು ಉಕ್ಕಿದಾಗ ನಾನು "ಆಯ್ತಲ್ಲ" ಎಂದರೆ ಅದೇ ಮಾತು: "ನೊರಿ ಬಂದ್ರ ಕುದ್ದಂಗಲ್ರಿ ಅಕ್ಕಾರ. ಹಸೀದು ಕುಡದ್ರ ಹೊಟ್ಟಿ ಕೆಡ್ತೈತಿ." ಆಮೇಲೂ ಸೌಟು ಆಡಿಸುತ್ತ ಒಲೆಯ ಮುಂದೆಯೇ ನಿಂತಿರುತ್ತಿದ್ದಳು.

ಒಂದು ಬೆಳಿಗ್ಗೆ ಮಗುವನ್ನೂ ಕಾಯಿಸಿದ ಹಾಲನ್ನೂ ನನ್ನ ಬಳಿ ಬಿಟ್ಟು ಫ್ಯಾಕ್ಟರಿ ಬಸ್ಸಿಗೆ ಓಡಿದವಳು ಅರ್ಧ ಗಂಟೆಯಲ್ಲೇ ಏದುಸಿರು ಬಿಡುತ್ತ ವಾಪಸ್ ಬಂದಳು. ಗಡಿಬಿಡಿಯಲ್ಲಿ ನೊರೆ ಕಂಡ ಕೂಡಲೇ ಗ್ಯಾಸ್ ಆರಿಸಿದೆನೇನೋ ಎಂಬ ಅನುಮಾನ ಬಸ್ಸಿನಲ್ಲಿ ಹುಟ್ಟಿತ್ತಂತೆ.

"ಕುಡಿಸಿದ್ರೇನ್ರಿ?"

"ಅರ್ಧ ಲೋಟ ಕುಡಿದ್ಬಿಟ್ಳಲ್ಲಮ್ಮಾ."

ಉಳಿದದ್ದನ್ನು ನಾನು ಚೆಲ್ಲಲು ಹೋದರೆ, ಲೋಟ ಕಿತ್ತುಕೊಂಡು ತಾನೇ ಗಟಗಟನೆ ಕುಡಿದಳು. "ಅಕಿಗೇನಾಗ್ತೈತಿ ಅಂತ ನನಗೂ ತಿಳೀಬೇಕಲ್ರಿ." ಹೊಸ್ತಿಲ ಮೇಲೆ ಕೂತು ಒಂದು ಕೈ ತನ್ನ ಹೊಟ್ಟೆಯ ಮೇಲೆ, ಇನ್ನೊಂದು ಮಗಳ ಹೊಟ್ಟೆಯ ಮೇಲೆ ಇಟ್ಟಳು.

ಮಗು ಜೋರಾಗಿ ಅಳತೊಡಗಿತು. ತಾಯಿಯ ಮುಖ ಬಿಳಿಚಿಕೊಂಡಿತು. "ಹೊಟ್ಟಿ ನೋವೇನವ್ವಾ?"

"ನನ್ನ ಹಾಲು ಯಾಕ ಕುಡದಿ?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಸಂಜೆಯವರೆಗೂ ಆ ಎರಡು ಕೈಗಳು ಅಲ್ಲೇ ಇದ್ದವು.