ಅವಳ ಫಾರ್ಮಿನಲ್ಲಿ ಗಣಿತ ಇರಲಿಲ್ಲ

ಮುಂಬಯಿಯ ಮುಲುಂಡಿನಿಂದ ಲೋಕಲ್ ರೈಲಿನಲ್ಲಿ ದಾದರ್‌ಗೆ ಹೋಗಿ, ಗಾಡಿ ಬದಲಿಸಿ ಕಾಂದಿವಲಿ ತಲುಪಲು ನನಗೆ ಒಂದೂವರೆ ಗಂಟೆ ಬೇಕು. ಎರಡು ವರ್ಷ ಪ್ರತಿ ಶನಿವಾರ ಹಾಗೆ ಹೋಗಿ ಅಲ್ಲಿನ ಒಂದು ಚಾಳಿನ, ಒಂದೇ ನಲ್ಲಿ ಹಂಚಿಕೊಂಡ ಸಾಲುಮನೆಗಳ, ಹುಡುಗಿಯರಿಗೆ ಗಣಿತ ಹೇಳಿಕೊಟ್ಟೆ. ಅವರಲ್ಲಿ ಒಬ್ಬಳು ವಿಜಯಪುರದ ಕಡೆಯವಳು. ತಂದೆ ಕಾರ್ಖಾನೆಯೊಂದರಲ್ಲಿ ವಾಚ್‌ಮನ್, ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅವಳ ಶಾಲೆಯಲ್ಲಿ ಒಂಬತ್ತನೆಯ ತರಗತಿ ಪೂರ್ತಿ ಗಣಿತದ ಟೀಚರೇ ಇರಲಿಲ್ಲ. ಆದರೂ ನಾನು ಸಮೀಕರಣ ಬರೆದು ತಿರುಗುವಷ್ಟರಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಒಮ್ಮೆ ನನ್ನ ತಪ್ಪನ್ನೂ ಹಿಡಿದಳು.

"ಮೇಡಂ, ಅಲ್ಲಿ ಮೈನಸ್ ಬರ್ಬೇಕಲ್ರಿ," ಎಂದು ತಲೆ ತಗ್ಗಿಸಿಯೇ ಹೇಳಿದಳು.

ಹತ್ತನೆಯದರಲ್ಲಿ ಗಣಿತಕ್ಕೆ ಇಡೀ ಶಾಲೆಯಲ್ಲಿ ಅವಳದೇ ಹೆಚ್ಚು ಅಂಕ. ಸೈನ್ಸ್ ತೆಗೆದುಕೊಳ್ಳುತ್ತಾಳೆ ಎಂದೇ ನಂಬಿದ್ದೆ. ಮನೆಗೆ ಹೋದಾಗ ತಂದೆ ಚಹಾ ಕೊಡಿಸಿ, ನಿಧಾನವಾಗಿ ಹೇಳಿದರು: "ಸೈನ್ಸ್ ಕಾಲೇಜ್ ದೂರ ಅದರೀ. ಪ್ರಾಕ್ಟಿಕಲ್ ಮುಗಿಯೂದು ಸಂಜಿ ಆರಕ್ಕಂತ. ಆ ರಶ್‌ನ್ಯಾಗ ಲೋಕಲ್ ಹಿಡಿದು ಬರೂತನಕ ನಮ್ಮ ಜೀವದಾಗ ಜೀವ ಇರೂದಿಲ್ಲ. ದಿನಾ ನೀವು ಕರ್ಕೊಂಡು ಬರ್ತೀರೇನು?"



ಕೊನೆಗೆ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ಎಂದಾಯಿತು. ಅದರಲ್ಲೂ ಗಣಿತ ತೆಗೆದುಕೊಳ್ಳಬಹುದು. ಅಷ್ಟಾದರೂ ಉಳಿಯಲಿ ಎಂದು ನಾನೇ ಜೊತೆಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ನಮ್ಮನ್ನು ಕೇಳದೆಯೇ ಫಾರ್ಮಿನಲ್ಲಿ ಗಣಿತದ ಬದಲು ಸೆಕ್ರೆಟೇರಿಯಲ್ ಪ್ರಾಕ್ಟೀಸ್, ಅಂದರೆ ಕಚೇರಿಯ ಪತ್ರವ್ಯವಹಾರದ ವಿಷಯ, ಎಂದು ಬರೆದುಬಿಟ್ಟಿದ್ದರು.

"ಲಡ್ಕಿಯಾಂ ಯಹೀ ಲೇತೀ ಹೈಂ. ಈಜಿ ಹೈ," ಹುಡುಗಿಯರು ಇದನ್ನೇ ತೆಗೆದುಕೊಳ್ಳುವುದು, ಸುಲಭ, ಎಂದರು.

ಬದಲಿಸಿ ಎಂದು ಪಟ್ಟು ಹಿಡಿದೆ. ಆಗ ಗೊತ್ತಾಯಿತು, ಗಣಿತದ ಬ್ಯಾಚ್ ಬೆಳಿಗ್ಗೆ ಏಳಕ್ಕೆ. ಚಾಳಿನ ನಲ್ಲಿಗೆ ನೀರು ಬರುವುದೂ ಏಳಕ್ಕೇ. ಅಷ್ಟರಲ್ಲಿ ತಾಯಿ ಕೆಲಸಕ್ಕೆ ಹೊರಟಿರುತ್ತಾರೆ, ತಂದೆ ಡ್ಯೂಟಿಯಲ್ಲಿರುತ್ತಾರೆ. ಹುಡುಗಿ ನನ್ನ ತೋಳು ಮುಟ್ಟಿ, "ಇರ್ಲಿ ಬಿಡ್ರಿ ಮೇಡಂ. ನೀರು ತುಂಬೋರು ಯಾರೂ ಇಲ್ಲ," ಎಂದಳು.

ವಾಪಸು ಬರುವಾಗ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ. ತಂದೆಯ ಭಯ ಸುಳ್ಳಲ್ಲ, ನಾನೂ ಅದೇ ಗಾಡಿಗಳಲ್ಲಿ ಓಡಾಡುವವಳು. ಎರಡು ವರ್ಷ ಲೆಕ್ಕ ಬಿಡಿಸಲು ಕಲಿಸಿದ ನಾನು ಆ ಮನೆಯ ಬೆಳಗು ಹೇಗೆ ಸಾಗುತ್ತದೆ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಮುಂದಿನ ಶನಿವಾರ ಅವಳು ನಾನು ಪಾಠ ಹೇಳುವ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು: "ನಾ ಇನ್ನೂ ಬರ್ಬಹುದೇನ್ರಿ? ಪರೀಕ್ಷಾಕ್ಕಲ್ಲ, ಸುಮ್ನ."

ಹನ್ನೊಂದನೆಯದರ ಗಣಿತ ಪುಸ್ತಕ ತಂದು ಶುರುಮಾಡಿದೆವು. ದೀಪಾವಳಿಯವರೆಗೆ ತಪ್ಪದೆ ಬಂದಳು. ಆಮೇಲೆ ತಾಯಿಯ ಬೆನ್ನುನೋವು ಜೋರಾಗಿ, ಎರಡು ಮನೆಗಳ ಪಾತ್ರೆ ಅವಳ ಪಾಲಿಗೆ ಬಂತು. ಶನಿವಾರ ನಮ್ಮ ಪಾಠದ ಹೊತ್ತಿಗೇ ಆ ಮನೆಗಳ ಕೆಲಸವೂ ಇತ್ತು.