ಎಡಕ್ಕೆ ತಿರುಗದ ಸೈಕಲ್ಲು

ಸೈಕಲ್ಲಿನಲ್ಲಿ ಹಿಂದೆ ಕೂತವರು ಆಡುವ ಮಾತು ಮುಂದೆ ಕೂತವರಿಗೆ ಎಂದೂ ಪೂರ್ತಿಯಾಗಿ ತಲುಪುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಅರ್ಧವನ್ನು ಗಾಳಿ ಒಯ್ಯುತ್ತದೆ, ಇನ್ನಷ್ಟನ್ನು ಪಕ್ಕದ ಆಟೋದ ಹಾರನ್ನು ನುಂಗುತ್ತದೆ, ಉಳಿದದ್ದು ಯಾವುದೋ ಪ್ರಶ್ನೆಯ ಬಾಲದ ರೂಪದಲ್ಲಿ ಬಂದು ಕಿವಿಗೆ ಬೀಳುತ್ತದೆ. ಬಾಲ ಮಾತ್ರ ಕಂಡ ಪ್ರಶ್ನೆಗೆ ಸಭ್ಯ ಮನುಷ್ಯ ಕೊಡಬಹುದಾದ ಉತ್ತರ ಒಂದೇ: "ಹೂಂ." ಈ ಏಕಾಕ್ಷರ ಮಂತ್ರದ ಮಹಿಮೆಯನ್ನು ನಾನು ಚಿಕ್ಕಂದಿನಿಂದಲೇ ಬಲ್ಲೆ. ಬಂಧುಗಳ ದೂರವಾಣಿ ಕರೆಗಳಲ್ಲಿ, ಕಾಲೇಜಿನ ಸಭೆಗಳಲ್ಲಿ, ದಾಂಪತ್ಯದ ಸೂಕ್ಷ್ಮ ಸಂದರ್ಭಗಳಲ್ಲಿ ಅದು ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ನನ್ನ ಮಗಳು ಚಿನ್ಮಯಿಗೆ ಐದು ವರ್ಷ. ತ್ಯಾಗರಾಜನಗರದ ನಮ್ಮ ಮನೆಯಿಂದ ಗಾಂಧಿಬಜಾರಿನ ಆಸುಪಾಸಿನ ಪುಟ್ಟ ಶಾಲೆಗೆ ಬೆಳಗ್ಗೆ ಅವಳನ್ನು ಬಿಟ್ಟು ಬರುವ ಕೆಲಸ ನನ್ನದು. ಹೆಂಡತಿ ವೀಣಾ ಬ್ಯಾಂಕಿನಲ್ಲಿದ್ದಾಳೆ. ಅಷ್ಟು ಹೊತ್ತಿಗೆ ಅವಳು ಮೆಜೆಸ್ಟಿಕ್ ದಾಟಿರುತ್ತಾಳೆ. ನಾನು ಮಲ್ಲೇಶ್ವರದ ಕಾಲೇಜೊಂದರಲ್ಲಿ ಮಧ್ಯಾಹ್ನದ ಹೊತ್ತು ಇತಿಹಾಸ ಬೋಧಿಸುವವನು, ಅಂದರೆ ಕೇಳಿಸಿಕೊಳ್ಳದವರ ಮುಂದೆ ಗಂಟೆಗಟ್ಟಲೆ ಮಾತಾಡುವುದನ್ನೇ ಜೀವನೋಪಾಯ ಮಾಡಿಕೊಂಡವನು. ಇಂಥವನ ಬೆನ್ನಿಗೆ ಅಂಟಿದ ಪುಟ್ಟ ಸೀಟಿನಲ್ಲಿ ಕೂತು ಮಗಳು ಅಖಂಡವಾಗಿ ಮಾತಾಡುತ್ತಿದ್ದಳು, ನಾನು ಅಖಂಡವಾಗಿ ಹೂಂಗುಟ್ಟುತ್ತಿದ್ದೆ. ಇಬ್ಬರಿಗೂ ಸುಖವಾಗಿತ್ತು.

ಒಂದು ದಿನ ಶಾಲೆಯ ಬಾಗಿಲಲ್ಲಿ ಅವಳ ಟೀಚರು ನನಗೆ ಕೈಮುಗಿದು, "ಸರ್, ತುಂಬಾ ಥ್ಯಾಂಕ್ಸ್. ಆನುಯಲ್ ಡೇಗೆ ಕರಡಿ ವೇಷ ಹಾಕೋಕೆ ಯಾವ ಪೇರೆಂಟೂ ಒಪ್ಪಿರ್ಲಿಲ್ಲ. ನೀವೇ ಒಪ್ಕೊಂಡ್ರಂತಲ್ಲ!" ಎಂದರು. ಮಗಳ ಮುಖ ನೋಡಿದೆ. ಅಲ್ಲಿ ಅಪ್ಪನ ಬಗ್ಗೆ ಇದ್ದ ಹೆಮ್ಮೆಯನ್ನು ಕಂಡ ಮೇಲೆ ಕರಡಿಯಾಗದೆ ಬೇರೆ ದಾರಿ ಇರಲಿಲ್ಲ. ಆದೆ. ಆ ಚರ್ಮದೊಳಗೆ ಬೆವರುತ್ತ ಕುಣಿಯುವಾಗ, ನಾನು ಇನ್ನೂ ಏನೇನಕ್ಕೆ ಹೂಂ ಎಂದಿರಬಹುದು ಎಂಬ ಚಿಂತೆ ಮೊದಲ ಬಾರಿಗೆ ನನ್ನನ್ನು ಹಿಡಿಯಿತು.

ಅದಕ್ಕಿಂತ ದೊಡ್ಡ ಚಿಂತೆ ಅದರ ಬೆನ್ನಿಗೇ ಬಂತು. ಜೂನಿನಿಂದ ಅವಳು ಒಂದನೇ ತರಗತಿ. ಶಾಲೆ ದೊಡ್ಡದು, ದೂರದ್ದು. ಮನೆ ಬಾಗಿಲಿಗೆ ಹಳದಿ ವ್ಯಾನು ಬರುತ್ತದೆ. ಅಲ್ಲಿಗೆ ನಮ್ಮ ಬೆಳಗಿನ ಸವಾರಿ ಮುಗಿಯುತ್ತದೆ. ಇಷ್ಟು ದಿನ ನನ್ನ ಬೆನ್ನ ಹಿಂದೆ ಹರಿದುಹೋದ ಆ ಮಾತಿನಲ್ಲಿ ಏನಿತ್ತೋ ನನಗೆ ತಿಳಿಯದು, ಇನ್ನು ಉಳಿದಿರುವುದು ಯುಗಾದಿಯ ಆಸುಪಾಸಿನವರೆಗಿನ ಬೆಳಗುಗಳು ಮಾತ್ರ. ಹಾಸ್ಯಪ್ರಿಯನೆಂದು ಹೆಸರಾದ ನನಗೆ ಈ ಲೆಕ್ಕಾಚಾರ ನಿಜವಾಗಿಯೂ ಸಂಕಟ ತಂದಿತು. ಅವಳು ನನ್ನ ಹಿಂದೆ ಅಲ್ಲ, ಪಕ್ಕದಲ್ಲಿ ಕೂರಬೇಕು. ಅವಳ ಒಂದೊಂದು ಮಾತೂ ನನಗೆ ಕೇಳಿಸಬೇಕು. ಸೈಕಲ್ಲಿಗೊಂದು ಪಕ್ಕದ ತೊಟ್ಟಿಲು, ಎಂದರೆ ಸೈಡ್‌ಕಾರು, ಕಟ್ಟಿಸಿಬಿಡುವುದೆಂದು ನಿಶ್ಚಯಿಸಿದೆ.

"ಕೈ ಹಿಡ್ಕೊಂಡು ನಡ್ಕೊಂಡೇ ಹೋಗ್ಬಹುದಲ್ಲ?" ಎಂದಳು ವೀಣಾ. ಸರಳವಾದ ಪರಿಹಾರಗಳ ಬಗ್ಗೆ ವಿದ್ಯಾವಂತರಿಗೆ ಸಹಜವಾಗಿಯೇ ಇರುವ ಅನಾದರದಿಂದ ನಾನು ಆ ಸಲಹೆಯನ್ನು ತಳ್ಳಿಹಾಕಿದೆ.

ವಿದೇಶದ ಯಾರೋ ಗಡ್ಡಧಾರಿ ತನ್ನ ಮಗುವನ್ನು ಹಾಗೆ ಕೂರಿಸಿಕೊಂಡು ಹೋಗುವ ವಿಡಿಯೋ ನೋಡಿ, ಅದನ್ನೇ ಕಾಗದದ ಮೇಲೆ ಭಕ್ತಿಯಿಂದ ನಕಲಿಸಿದೆ. ಅವನ ದೇಶದಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಚಲಿಸುತ್ತವೆಂಬ ಅಲ್ಪ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಹಾಗಾಗಿ ನನ್ನ ನಕ್ಷೆಯಲ್ಲಿ ಮಗು ನಡುರಸ್ತೆಯ ಕಡೆಗೆ, ಬಸ್ಸುಗಳ ಗಾಲಿಯ ಪಕ್ಕಕ್ಕೆ ವಿರಾಜಮಾನವಾಗಿತ್ತು. ವೀಣಾ ಕಾಗದವನ್ನು ಒಮ್ಮೆ ನೋಡಿ, ಪೆನ್ನು ತೆಗೆದು, ಮಗುವನ್ನು ಎಡಕ್ಕೆ ವರ್ಗಾಯಿಸಿದಳು. ಇದನ್ನೆಲ್ಲ ನೋಡುತ್ತಿದ್ದ ನನ್ನ ತಾಯಿಗೆ ಶಾಸ್ತ್ರದ ಆಕ್ಷೇಪಣೆ ಇತ್ತು. "ಎಡಗಡೆ ಹೆಂಡ್ತಿ ಜಾಗ ಅಲ್ವೇನೋ?" ಎಂದರು. "ಪರ್ವಾಗಿಲ್ಲ ಅತ್ತೆ, ಆ ಸೈಕಲ್ ಮೇಲೆ ನನ್ ಜಾಗ ಬಿಟ್ಕೊಟ್ಟಿದೀನಿ" ಎಂದಳು ವೀಣಾ, ತುಸು ಹೆಚ್ಚೇ ಎನ್ನಿಸುವಷ್ಟು ಸಂತೋಷದಿಂದ.

ಕಟ್ಟಿಕೊಡಲು ಒಪ್ಪಿದವನು ಚಾಮರಾಜಪೇಟೆಯ ಶಿವಣ್ಣ. ಅವನು ಕಿಟಕಿ ಗ್ರಿಲ್ಲು, ಗೇಟು ಮಾಡುವವನು. ಸೈಕಲ್ಲಿನ ಕೆಲಸ ಎಂದೂ ಮಾಡಿದವನಲ್ಲ. ಆದರೆ ಅನುಭವವಿಲ್ಲದ ವಿಷಯಗಳಲ್ಲಿ ಆತ್ಮವಿಶ್ವಾಸ ಹೆಚ್ಚಿರುತ್ತದೆಂಬ ನಿಯಮಕ್ಕೆ ನಾವಿಬ್ಬರೂ ಸಮಾನ ನಿದರ್ಶನಗಳಾಗಿದ್ದರಿಂದ ಮೊದಲ ದಿನವೇ ಸ್ನೇಹ ಕುದುರಿತು. ಮಾಮೂಲ್‌ಪೇಟೆ ಸುತ್ತಿ ಬೇರಿಂಗು, ಬೋಲ್ಟು, ರೆಕ್ಸಿನ್ನು ಎಲ್ಲ ತಂದುಕೊಟ್ಟೆ. ಶಿವಣ್ಣನ ಕೈಗೆ ಸಿಕ್ಕ ಕಬ್ಬಿಣ ಕೊನೆಗೆ ಕಿಟಕಿಯಾಗದೆ ಇರದು. ನಾಲ್ಕು ಪೈಪು ಸಾಕು ಎಂದರೂ ಕೇಳಲಿಲ್ಲ. "ಸಾರ್, ಬರೀ ಪೈಪ್ ಬಿಟ್ರೆ ಆಸ್ಪತ್ರೆ ಮಂಚ ಇದ್ದಂಗಿರುತ್ತೆ. ಮುಂದೆ ಒಂದು ಸೂರ್ಯನ್ನ ಕೂರಿಸ್ಬಿಡಣ" ಎಂದ. ಕೂರಿಸಿಬಿಟ್ಟ. ಕಿರಣಗಳ ಸಮೇತ ಉದಯಿಸುತ್ತಿರುವ ಸೂರ್ಯ. ಬಸವನಗುಡಿಯ ಹಳೆಯ ಮನೆಗಳ ವರಾಂಡದಿಂದ ಇಷ್ಟಗಲದ ಗ್ರಿಲ್ಲನ್ನು ಯಾರೋ ಕಿತ್ತು ತಂದು ಚಕ್ರ ಜೋಡಿಸಿದಂತೆ ಕಾಣುತ್ತಿತ್ತು.

ಇನ್ನು ಪರೀಕ್ಷಾರ್ಥ ಸಂಚಾರ. ಮಗುವನ್ನು ಮೊದಲೇ ಕೂರಿಸಿ ಪ್ರಯೋಗ ಮಾಡುವುದು ತಪ್ಪೆಂದು ಇಬ್ಬರಿಗೂ ಅನ್ನಿಸಿತು. ಆದ್ದರಿಂದ ಸ್ಥೂಲಕಾಯನಾದ ಶಿವಣ್ಣ ಸ್ವತಃ ಪಕ್ಕದ ಬುಟ್ಟಿಯಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿ ಕೂತ, ನಾನು ಏದುಸಿರು ಬಿಡುತ್ತ ತುಳಿದೆ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಗಾಡಿ ಬಂಡೆಯಂತೆ ಸ್ಥಿರವಾಗಿತ್ತು. ಆಮೇಲೆ ನಾನು ಕೂತೆ, ಅವನು ತುಳಿದ. ಆಗಲೂ ಅಷ್ಟೇ. "ನೋಡಿ ಸಾರ್, ದಸರಾ ಅಂಬಾರಿನೇ ಹಿಂಗಿರಲ್ಲ!" ಎಂದು ಅವನು ಘೋಷಿಸಿದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಮಗಳಿಗೆಂದು ಹೊರಟು ಅವರಪ್ಪನ ತೂಕಕ್ಕೆ ಸರಿಹೊಂದುವ ವಾಹನವೊಂದನ್ನು ನಾವು ಯಶಸ್ವಿಯಾಗಿ ನಿರ್ಮಿಸಿದ್ದೆವು. ಅದು ಆಗ ಇಬ್ಬರಿಗೂ ತಿಳಿಯಲಿಲ್ಲ.

ಅಮ್ಮ ದೇವಸ್ಥಾನದ ಮುಂದೆ ಪೂಜೆ ಮಾಡಿಸಿದರು. ಅರ್ಚಕರು ಅಭ್ಯಾಸಬಲದಿಂದ ಎರಡು ನಿಂಬೆಹಣ್ಣು ಇಟ್ಟವರು, ಮೂರನೆಯ ಚಕ್ರ ಕಂಡು ಕ್ಷಣಕಾಲ ವಿಚಲಿತರಾಗಿ, ತಟ್ಟೆಯಲ್ಲಿದ್ದ ಯಾರದೋ ನಿಂಬೆಹಣ್ಣನ್ನು ನಮ್ಮ ಪಾಲಿಗೆ ದಯಪಾಲಿಸಿದರು. ಮಾರನೆಯ ಬೆಳಗ್ಗೆ ಚಿನ್ಮಯಿಗೆ ಹೆಲ್ಮೆಟ್ ತೊಡಿಸಿ, ಬೆಲ್ಟು ಬಿಗಿದು, ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದೆನೋ ಇಲ್ಲವೋ, ಸೈಡ್‌ಕಾರು ದೀಪದ ಕಂಬ ಕಂಡ ಬೀದಿನಾಯಿಯಂತೆ ತನ್ನ ಕಾಲನ್ನು ನಿಧಾನವಾಗಿ ಮೇಲೆತ್ತಿತು. ನನ್ನ ಮಗಳು, ಸೂರ್ಯನ ಸಮೇತ, ಆಕಾಶದತ್ತ ಏರತೊಡಗಿದಳು. ಕಾಲೂರಿ ಅದನ್ನು ಕೆಳಗೆ ಒತ್ತಿ ನಿಲ್ಲಿಸಿದೆ. "ಅಪ್ಪಾ, ಇನ್ನೊಂದ್ಸಲ ಮಾಡು!" ಎಂದಳು ಅವಳು.

ಕಾರಣ ಆಮೇಲೆ ಹೊಳೆಯಿತು. ಎಡಕ್ಕೆ ತಿರುಗುವಾಗ ಗಾಡಿಯ ಭಾರವೆಲ್ಲ ಬಲಕ್ಕೆ ವಾಲುತ್ತದೆ. ಎಡಗಡೆ ಶಿವಣ್ಣನಂಥವನಿದ್ದರೆ ನೆಲ ಬಿಡದು, ಹೂವಿನಂಥ ಮಗುವಿದ್ದರೆ ಏಳುತ್ತದೆ. ಬಲಕ್ಕೆ ತಿರುಗುವಾಗ ಈ ತೊಂದರೆಯಿಲ್ಲ. ಹಾಗಾದರೆ ಎಡಕ್ಕೆ ತಿರುಗದಿದ್ದರಾಯಿತು! ನಮ್ಮ ಬಡಾವಣೆಗಳನ್ನು ಮೇನ್, ಕ್ರಾಸ್‌ಗಳಾಗಿ ಚೌಕಾಬಾರದ ಮನೆಗಳಂತೆ ಗೀಚಿಟ್ಟ ಹಿರಿಯರನ್ನು ಸ್ಮರಿಸಿದೆ. ಎಡಕ್ಕೆ ಹೋಗಬೇಕಾದಲ್ಲಿ ನೇರ ಮುಂದೆ ಹೋಗಿ, ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ತಿರುಗಿದರೆ ಹೋಗಬೇಕಾದ ದಿಕ್ಕಿಗೇ ಮುಖಮಾಡಿರುತ್ತೇವೆ. ಸ್ವಲ್ಪ ಸುತ್ತು, ಆದರೆ ಸುರಕ್ಷಿತ. ಹೀಗೆ, ದೇವಸ್ಥಾನಕ್ಕೆ ಹೋದಾಗ ಚಪ್ಪಲಿ ಕಾಯುವ ನೆಪದಲ್ಲಿ ಹೊರಗೇ ಉಳಿಯುತ್ತಿದ್ದ ನಾನು, ಪ್ರತಿದಿನ ಬೆಳಗ್ಗೆ ಯಾರ್ಯಾರದೋ ಮನೆಗಳಿಗೆ ಶ್ರದ್ಧೆಯಿಂದ ಪ್ರದಕ್ಷಿಣೆ ಹಾಕತೊಡಗಿದೆ. ಕಾಂಪೌಂಡಿನಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು ನನ್ನನ್ನು ತಡೆದು, "ಯಾರ ಮನೆ ಬೇಕಿತ್ತು? ದಿನಾ ಸುತ್ತುತ್ತಿರ್ತೀರಾ, ಸಿಗ್ಲಿಲ್ವಾ?" ಎಂದು ಅನುಕಂಪದಿಂದ ವಿಚಾರಿಸಿದರು.

ದಿನವೂ ತಡವಾಗುತ್ತಿದೆ ಎಂದು ಶಾಲೆಯಿಂದ ದೂರು ಬಂದಾಗ ಅಮ್ಮ ಪ್ರವೇಶಿಸಿದರು. "ಗುಡೀಲಿ ಒಂದು ಸುತ್ತು ಬಾ ಅಂದ್ರೆ ಕಾಲು ನೋವು ಅಂತಿದ್ದೆ. ಈಗ ಊರಿಗೇ ಪ್ರದಕ್ಷಿಣೆ ಹಾಕ್ತಿದೀಯ. ಭಾರ ತಾನೇ ಬೇಕಾಗಿರೋದು? ಗುಂಡನ್ನ ಕೂರಿಸ್ಕೋ" ಎಂದರು. ಗುಂಡು ಎಂದರೆ ಹಿತ್ತಲಿನ ಒರಳುಕಲ್ಲಿನ ಗುಂಡು. ಗ್ರೈಂಡರು ಬಂದ ಮೇಲೆ ನಿರುದ್ಯೋಗಿಯಾಗಿದ್ದರೂ ಅದಕ್ಕೆ ನಮ್ಮ ಮನೆಯಲ್ಲಿ ಒಂದು ಗೌರವದ ಹುದ್ದೆಯಿದೆ. ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ, ಮಗುವಿಗಿಂತ ಮೊದಲು ಗುಂಡಿಗೆ ಎಣ್ಣೆ ಸವರಿ, ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿ ಬಾಳಲಿ ಎಂದು. ನನ್ನ ತೊಟ್ಟಿಲಲ್ಲೂ ಅದೇ ಗುಂಡು ಮಲಗಿತ್ತಂತೆ, ಚಿನ್ಮಯಿಯ ತೊಟ್ಟಿಲಲ್ಲೂ ಅದೇ. "ಅವಳಿಗಿಂತ ಮುಂಚೆ ಮಲಗಿದೋನು ಅವನು. ಲೆಕ್ಕದಲ್ಲಿ ಅಣ್ಣ ಆಗ್ಬೇಕು" ಎಂದು ಅಮ್ಮ ವಂಶವೃಕ್ಷವನ್ನು ತಿದ್ದಿದರು.

ಶಿವಣ್ಣ ಮಗುವಿನ ಪಕ್ಕದಲ್ಲಿ ಗುಂಡಿಗೊಂದು ಕಬ್ಬಿಣದ ಬಳೆ ಬೆಸೆದು, ಪಟ್ಟಿ ಬಿಗಿದುಕೊಟ್ಟ. ಚಿನ್ಮಯಿ ಅದಕ್ಕೆ ತನ್ನ ಹಳೆಯ ಉಲ್ಲನ್ ಟೋಪಿ ಹಾಕಿ, ಗುಂಡಣ್ಣ ಎಂದು ಕರೆದಳು. ಗಾಡಿ ಎಡಕ್ಕೂ ನೆಲಕಚ್ಚಿ ತಿರುಗಿತು. ಅಂತೂ ಎಲ್ಲ ಸರಿಯಾಯಿತು. ಮಗಳು ಪಕ್ಕದಲ್ಲಿ, ಅವಳ ಬಾಯಿಗೂ ನನ್ನ ಕಿವಿಗೂ ಮೊಳದ ಅಂತರ. ನಾನು ಕಿವಿ ನಿಮಿರಿಸಿ ಕೂತೆ.

ಅವಳು ಮಾತಾಡಿದಳು. ಒಂದಕ್ಷರವೂ ಪೋಲಾಗದಂತೆ ಎಲ್ಲ ಕೇಳಿಸಿತು. ಆದರೆ ಅದೆಲ್ಲ ಗುಂಡಣ್ಣನಿಗೆ.

ಟೀಚರು ಹೊಸ ಸೀರೆ ಉಟ್ಟದ್ದು, ಪಕ್ಕದಲ್ಲಿ ಕೂರುವ ಆದ್ಯಾ ರಬ್ಬರು ಕಚ್ಚಿ ನುಂಗಿದ್ದು, ಮೂತ್ರಕ್ಕೆ ಹೋಗಬೇಕೆಂದು ಕೇಳಲು ಹೆದರಿಕೆಯಾಗುವುದು, ಕನಸಿನಲ್ಲಿ ಬೆಕ್ಕು ಬಂದದ್ದು, ಎಲ್ಲ ವರದಿಯೂ ಟೋಪಿ ಹಾಕಿದ ಕಲ್ಲಿಗೆ ಸಲ್ಲುತ್ತಿತ್ತು. ನಡುವೆ ಬಾಯಿ ಹಾಕಿ ನಾನು ಏನಾದರೂ ಪ್ರಾಜ್ಞವಾಗಿ ನುಡಿದರೆ, "ಅಪ್ಪಾ, ನಿಂಗಲ್ಲ ಹೇಳಿದ್ದು" ಎನ್ನುತ್ತಿದ್ದಳು. ಒಂದು ದಿನ ಬಗ್ಗಿ ಗುಟ್ಟಾಗಿ, "ಆ ಕರಡಿ ಇತ್ತಲ್ಲ, ಅದು ನಮ್ಮಪ್ಪ. ಯಾರ್ಗೂ ಹೇಳ್ಬೇಡ" ಎಂದಳು. ಕಲ್ಲು ಯಾರಿಗೂ ಹೇಳಲಿಲ್ಲ. ನನಗೆ ಆ ಕಲ್ಲಿನ ಮೇಲೆ ಹೊಟ್ಟೆಕಿಚ್ಚಾಯಿತೆಂದು ಬರೆದರೆ ನೀವು ನಗಬಹುದು. ನಗಿ, ಆದರೆ ಆದದ್ದು ನಿಜ. ಹೂಂ ಎನ್ನುವ ಅಪ್ಪನಿಗಿಂತ ಹೂಂ ಕೂಡ ಎನ್ನದ ಅಣ್ಣ ಉತ್ತಮ ಶ್ರೋತೃ ಎನ್ನುವುದು ನನ್ನಂಥ ಮಾತಿನ ಕಸುಬಿನವನಿಗೆ ಜೀರ್ಣವಾಗುವ ಸಂಗತಿಯಲ್ಲ. ಕ್ರಮೇಣ ನಾನೂ ಕಲ್ಲಿನ ಪದ್ಧತಿಯನ್ನೇ ಹಿಡಿದೆ. ಬಾಯಿ ಮುಚ್ಚಿ, ಮುಂದೆ ನೋಡುತ್ತ, ತುಳಿಯುತ್ತ ಹೋದೆ. ನಮಗಾಗಿ ಆಡದ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಅದಕ್ಕೆ ಉತ್ತರ ಕೊಡಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು.

ಯುಗಾದಿ ಬಂದು ಹೋಗಿ, ಶಾಲೆಯ ಕೊನೆಯ ದಿನವೂ ಬಂತು. ಹೊಂಗೆ ಮರಗಳೆಲ್ಲ ಹೊಸದಾಗಿ ಚಿಗುರಿದ್ದವು. ಶಾಲೆ ಸಮೀಪಿಸುವಾಗ ಚಿನ್ಮಯಿ ಗುಂಡಣ್ಣನ ಟೋಪಿ ಸರಿಪಡಿಸಿ, ಹಿರಿಯರು ಊರಿಗೆ ಹೊರಡುವಾಗ ಮನೆಯವರಿಗೆ ಹೇಳುವ ಧ್ವನಿಯಲ್ಲಿ ಹೇಳಿದಳು: "ನಾನು ಜೂನಿಂದ ವ್ಯಾನಲ್ಲಿ ಹೋಗ್ತೀನಿ. ನೀನು ಬರ್ಬೇಡ. ನೀನು ಅಪ್ಪನ ಜೊತೆನೇ ಇರು. ಪಾಪ, ಅಪ್ಪಂಗೆ ಒಬ್ಬನೇ ಆದ್ರೆ ಎಡಗಡೆ ತಿರುಗೋಕೆ ಬರಲ್ಲ."

ಶಾಲೆಯ ರಸ್ತೆ ಎಡಕ್ಕೆ ಬಂತು. ಪಕ್ಕದಲ್ಲಿ ಕಲ್ಲು ಭದ್ರವಾಗಿ ಕೂತಿತ್ತು, ಸಲೀಸಾಗಿ ತಿರುಗಬಹುದಿತ್ತು. ನಾನು ನೇರ ಮುಂದೆ ಹೋದೆ. ಆಮೇಲೆ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ತಿರುಗಿದೆ, ಆದಷ್ಟು ನಿಧಾನವಾಗಿ.