ಊಟದ ಹೊತ್ತಿನ ಹಾಜರಿ

ಹಿರೇಹಡಗಲಿಯ ಮಿಲ್ಟ್ರಿ ಹುಲುಗಪ್ಪನ ಮನೆಯಲ್ಲಿ ಹಾಜರಿ ಆಗದೆ ಯಾರೂ ರೊಟ್ಟಿ ಮುರಿಯುವಂತಿರಲಿಲ್ಲ. ಯುದ್ಧ ಕಂಡು, ಪಿಂಚಣಿ ಮೇಲೆ ಊರಿಗೆ ಬಂದವನು ಹೊಲಕ್ಕೆ ಹೊರಟರೂ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಅವನ ಎತ್ತುಗಳು ಹಿಂದಿಯಲ್ಲಿ "ಥಮ್" ಎಂದರೆ ಮಾತ್ರ ನಿಲ್ಲುತ್ತಿದ್ದವು. ಬೀಗರು ಬಂದರೂ ಸಾಲಾಗಿ ಕೂರಿಸಿ ಹೆಸರು ಕೂಗುತ್ತಿದ್ದ. ಹೆಂಡತಿ ಹಂಪಮ್ಮ ಒಲೆಯ ಮುಂದಿನಿಂದಲೇ "ಅದೀನ್ರಿ, ಎಲ್ಲಿಗೆ ಹೋಗ್ಲಿ" ಎನ್ನುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಅವನು ಮೆಲ್ಲಗೆ "ಜೋಗಿಂದರ್" ಎಂದು ಕರೆದು, ತಾನೇ "ಹಾಜರ್" ಎಂದು ಊಟಕ್ಕೆ ಕೈಹಚ್ಚುತ್ತಿದ್ದ. ಉತ್ತರದ ಕಡೆಯ ಯಾವುದೋ ದೇವರಿರಬೇಕೆಂದು ಹಂಪಮ್ಮ ಆ ಹೆಸರಿಗೆ ದಿನಾ ಕೈಮುಗಿಯುತ್ತಿದ್ದಳು, ಸೊಸೆಯಂದಿರಿಗೂ ಅದನ್ನೇ ಕಲಿಸಿದ್ದಳು. ಮುಪ್ಪಿನಲ್ಲಿ ಒಮ್ಮೆ ಅದು ಹುಲುಗಪ್ಪನ ಕಣ್ಣಿಗೆ ಬಿತ್ತು. "ದೇವ್ರಲ್ಲಲೇ ಅವ, ನನ್ನ ದೋಸ್ತ. ಗುಡ್ಡ ಇಬ್ರೂ ಹತ್ತಿದ್ವಿ, ನಾನೊಬ್ನೇ ಇಳದು ಬಂದೆ" ಎಂದ. ಹಂಪಮ್ಮ ಮುಗಿದ ಕೈ ಇಳಿಸಲಿಲ್ಲ. "ಇರ್ಲಿ ಬಿಡ್ರಿ, ನಿಮ್ಮನ್ನ ಮನಿಗೆ ಕಳಿಸ್ಯಾನಲ್ಲ" ಎಂದಳು. ಹುಲುಗಪ್ಪ ತೀರಿಕೊಂಡ ಮೇಲೆ ಹಾಜರಿ ಅವಳ ಪಾಲಿಗೆ ಬಂದಿದೆ. ಮಕ್ಕಳು, ಮೊಮ್ಮಕ್ಕಳು, ಜೋಗಿಂದರ್, ಎಲ್ಲರದೂ ಆಗುತ್ತದೆ. ಕೊನೆಗೆ, ಬಾಳಿನುದ್ದಕ್ಕೂ ಗಂಡನ ಹೆಸರು ಹೇಳದ ಹಂಪಮ್ಮ "ಹುಲುಗಪ್ಪ" ಎಂದು ಕೂಗಿ, "ಅದಾರ" ಎಂದು ತಾನೇ ಹೇಳಿ, ರೊಟ್ಟಿ ಮುರಿಯುತ್ತಾಳೆ.